ಜಿಂಕ್ ನೀರಲ್ಲಿ ನೆನೆದ ಮೊಳಕೆ ನಮ್ಮ ತಾಟಿಗೆ ಬೇಕಾ?

ಮಡಕಿ ಕಾಳನ್ನು ರಾತ್ರಿ ನೆನೆ ಹಾಕಿ, ಬೆಳಗ್ಗೆ ನೀರು ಬಸಿದು, ಹಸಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡುವುದು ಕಲಬುರಗಿ, ಬೀದರ್, ಯಾದಗಿರಿಯ ಅಡುಗೆಮನೆಗಳಿಗೆ ಹೊಸದಲ್ಲ. ಆ ನೀರಿಗೆ ಜಿಂಕ್, ಕಬ್ಬಿಣ, ಸೆಲೆನಿಯಂನಂಥ ಖನಿಜ ಬೆರೆಸಿ ಮೊಳಕೆ ಬರಿಸಬಹುದು ಅನ್ನುವ ಸುದ್ದಿ ಮಾತ್ರ ಹೊಸದು. ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಈ ಕೆಲಸ ವರ್ಷಗಳಿಂದ ನಡೆದಿದೆ. ಅದರ ತುಣುಕುಗಳು ಆಗಾಗ ಮೊಬೈಲಿಗೆ ಬಂದು ಬೀಳುತ್ತವೆ. ರಕ್ತ ಕಮ್ಮಿ ಇದ್ದವರಿಗೆ ಮೊಳಕೆಯೇ ಮದ್ದು ಅನ್ನುತ್ತದೆ ಒಂದು. ಕಾಳಿಗೂ ಕೆಮಿಕಲ್ ಹಾಕುತ್ತಿದ್ದಾರೆ ಅನ್ನುತ್ತದೆ ಇನ್ನೊಂದು. ಓದಿದವರಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ.

ಇಂಥ ಗೊಂದಲ ಮೊದಲೂ ಆಗಿದೆ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಬರಲು ಶುರುವಾದಾಗ ಅನ್ನ ಬಸಿಯುವ ಹೆಣ್ಣುಮಕ್ಕಳು ನೀರಿನ ಮೇಲೆ ತೇಲುವ ಒಂದೆರಡು ಕಾಳು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಗಾಬರಿಯಾದರು. ಎಷ್ಟೋ ಮನೆಗಳಲ್ಲಿ ಅದನ್ನು ಆರಿಸಿ ಬಿಸಾಡಿದರು. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲಿ ಒತ್ತಿದ ಕಾಳು. ನೂರು ಅಕ್ಕಿಗೆ ಒಂದರಂತೆ ಬೆರೆಸಿದ್ದರು. ಯಾರೂ ಮುಂಚೆ ಬಂದು ತಿಳಿಸಿ ಹೇಳಲಿಲ್ಲ, ಅದೇ ತೊಂದರೆ ಆಗಿದ್ದು. ಮೊಳಕೆಯ ವಿಷಯದಲ್ಲಿ ಮತ್ತೆ ಹಾಗಾಗಬಾರದು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊಳಕೆ ಒಡೆದರೆ ಕಬ್ಬಿಣ ಹೆಚ್ಚಾಗುತ್ತದಾ?

ಇಲ್ಲ. ಈ ಒಂದು ಮಾತು ಸ್ಪಷ್ಟವಾದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊಳಕೆ ಬರುವಾಗ ಕಾಳಿನಲ್ಲಿ ಸಿ ವಿಟಮಿನ್ ಹೊಸದಾಗಿ ಹುಟ್ಟುತ್ತದೆ. ಆದರೆ ಕಬ್ಬಿಣ, ಜಿಂಕ್ ಹಾಗೆ ಹುಟ್ಟುವುದಿಲ್ಲ. ಅವು ಮೂಲವಸ್ತುಗಳು. ಬೀಜದಲ್ಲಿ ಎಷ್ಟಿತ್ತೋ ಮೊಳಕೆಯಲ್ಲೂ ಅಷ್ಟೇ ಇರುತ್ತದೆ. ಜಾಸ್ತಿ ಆಗಬೇಕಾದರೆ ಹೊರಗಿನಿಂದ, ಅಂದರೆ ನೆನೆಸಿದ ನೀರಿನಿಂದಲೇ ಬರಬೇಕು.

ಲೆಕ್ಕ ಹಾಕಿ ನೋಡಿ. ನೂರು ಗ್ರಾಂ ಒಣ ಹೆಸರು ಕಾಳಿನಲ್ಲಿ ಸುಮಾರು 5 ಮಿಲಿಗ್ರಾಂ ಕಬ್ಬಿಣ, ಎರಡೂವರೆ ಮಿಲಿಗ್ರಾಂಗಿಂತ ತುಸು ಜಾಸ್ತಿ ಜಿಂಕ್ ಇರುತ್ತದೆ. ಅದೇ ಕಾಳು ನೀರು ಕುಡಿದು ಮೊಳಕೆ ಒಡೆದಾಗ ಹೆಚ್ಚುಕಮ್ಮಿ ಎರಡೂವರೆ ಪಟ್ಟು ತೂಗುತ್ತದೆ. ಹಾಗಾಗಿ ನೂರು ಗ್ರಾಂ ಮೊಳಕೆ ತಿಂದರೆ ಒಳಗೆ ಹೋಗುವುದು 40 ಗ್ರಾಂ ಕಾಳು ಮಾತ್ರ. ಅದರಲ್ಲಿ ಕಬ್ಬಿಣ 2 ಮಿಲಿಗ್ರಾಂ, ಜಿಂಕ್ 1 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ ಬೇಕಾಗಿರುವುದು 29 ಮಿಲಿಗ್ರಾಂ ಕಬ್ಬಿಣ, 13 ಮಿಲಿಗ್ರಾಂ ಜಿಂಕ್. ಒಂದು ಬಟ್ಟಲು ಮೊಳಕೆ ಇದರ ಹತ್ತನೇ ಒಂದು ಪಾಲನ್ನೂ ತುಂಬುವುದಿಲ್ಲ.

ಹಾಗಾದರೆ ಮೊಳಕೆಗೆ ಇಷ್ಟು ಹೆಸರು ಬಂದಿದ್ದು ಯಾಕೆ?

ಕಾಳು ಹಿಡಿದಿಟ್ಟುಕೊಂಡದ್ದು

ಬೀಜ ತನ್ನ ಮರಿಗಿಡಕ್ಕೆ ಅಂತ ರಂಜಕವನ್ನು (ಫಾಸ್ಫರಸ್) ಕೂಡಿಟ್ಟುಕೊಳ್ಳುತ್ತದೆ. ಅದು ಇರುವುದು ಫೈಟಿಕ್ ಆಮ್ಲ ಅನ್ನುವ ರೂಪದಲ್ಲಿ. ಈ ಆಮ್ಲಕ್ಕೆ ಒಂದು ಗುಣವಿದೆ. ಕಬ್ಬಿಣ, ಜಿಂಕ್ ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಕರುಳಿನಲ್ಲಿ ಅದನ್ನು ಬಿಡಿಸುವ ಶಕ್ತಿ ತೀರಾ ಕಮ್ಮಿ. ಹೀಗಾಗಿ ತಿಂದ ಖನಿಜದ ದೊಡ್ಡ ಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ.

ಮನುಷ್ಯರಿಗೆ ಜಿಂಕ್ ಕೊರತೆ ಆಗಬಹುದು ಅಂತ ಜಗತ್ತಿಗೆ ಗೊತ್ತಾದದ್ದೇ ಈ ಜಾಡಿನಲ್ಲಿ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1950ರ ದಶಕದ ಕೊನೆಗೆ ಇರಾನಿನ ಶಿರಾಜ್‌ನಲ್ಲಿದ್ದರು. ಅಲ್ಲಿ ಅವರ ಮುಂದೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗನ ಹಾಗಿದ್ದ. ಅವನ ಊಟದಲ್ಲಿ ಮುಖ್ಯವಾಗಿ ಇದ್ದದ್ದು ಹುಳಿ ಬರಿಸದ ಗೋಧಿ ರೊಟ್ಟಿ. ಮಣ್ಣು ತಿನ್ನುವ ಚಟವೂ ಇತ್ತು. ರೊಟ್ಟಿಯಲ್ಲಿ ಜಿಂಕ್ ಇರಲಿಲ್ಲ ಅಂತಲ್ಲ, ಅದರಲ್ಲಿದ್ದ ಫೈಟಿಕ್ ಆಮ್ಲ ಜಿಂಕ್ ದಕ್ಕಲು ಬಿಟ್ಟಿರಲಿಲ್ಲ. ಮುಂದೆ ಈಜಿಪ್ಟಿನಲ್ಲಿ ಇಂಥದೇ ಹುಡುಗರಿಗೆ ಜಿಂಕ್ ಕೊಟ್ಟಾಗ ಅವರು ಬೆಳೆದರು.

ಹುಳಿ ಬರಿಸದ ರೊಟ್ಟಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ನೆನಪಾಗಬೇಕು. ಹಿಟ್ಟು ನಾದಿ ಕೂಡಲೇ ಬಡಿದು ಬೇಯಿಸುತ್ತೇವೆ. ಹಾಲು, ಮೊಸರು, ಕಾಳು, ಸೊಪ್ಪು ಜೊತೆಗಿದ್ದರೆ ಚಿಂತೆಯಿಲ್ಲ. ರೊಟ್ಟಿ, ಖಾರ, ತೆಳ್ಳನೆ ಬೇಳೆಯಲ್ಲೇ ಊಟ ಮುಗಿಸುವ ಮನೆಗಳಿಗೆ ಇದು ನಿಜವಾದ ತೊಂದರೆ.

ಕಾಳು ಮೊಳಕೆ ಒಡೆಯುವಾಗ ಫೈಟೇಸ್ ಅನ್ನುವ ಕಿಣ್ವ (ಎಂಜೈಮ್) ಎಚ್ಚರಗೊಂಡು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಹಿಡಿದಿಟ್ಟ ಖನಿಜ ಸ್ವಲ್ಪ ಸಡಿಲವಾಗುತ್ತದೆ. ಹೊಸದಾಗಿ ಹುಟ್ಟಿದ ಸಿ ವಿಟಮಿನ್ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಮೊಳಕೆಯ ಹೆಸರಿಗೆ ಕಾರಣ ಇದು.

ಇಲ್ಲೊಂದು ತಿರುವು ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ರಾಗಿ, ಹೆಸರು, ಕಡಲೆ ಮೊಳಕೆಯನ್ನು ಪರೀಕ್ಷಿಸಿದರು. ಕಬ್ಬಿಣ ಚೆನ್ನಾಗಿ ದಕ್ಕುವಂತಾಗಿತ್ತು. ಜಿಂಕ್ ಹಾಗಲ್ಲ, ಹೆಸರು ಕಾಳಿನಲ್ಲಂತೂ ಮೊಳಕೆಯ ನಂತರ ದಕ್ಕುವ ಪಾಲು ಇಳಿದಿತ್ತು. ಅಂದರೆ ಬರೀ ಮೊಳಕೆ ಕಟ್ಟಿದ ಮಾತ್ರಕ್ಕೆ ಜಿಂಕ್ ಕೊರತೆ ನೀಗುತ್ತದೆ ಅನ್ನಲು ಆಗುವುದಿಲ್ಲ. ಜಿಂಕ್ ಬೆರೆಸಿದ ಮೊಳಕೆಯ ವಾದಕ್ಕೆ ಬಲ ಬರುವುದು ಇಂಥ ಕಡೆಯಿಂದಲೇ.

ಹೊಲದಲ್ಲೇ ಜಿಂಕ್ ಕಮ್ಮಿ

ಸೇಡಂ, ಚಿತ್ತಾಪುರ, ವಾಡಿ ಕಡೆ ನೆಲದಡಿ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದು ಅದಕ್ಕೇ. ಮೇಲಿನ ಎರೆ ಮಣ್ಣಿನಲ್ಲೂ ಸುಣ್ಣದ ಅಂಶವಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಇದೇ ಮಣ್ಣಿನ ಗುಣ ಎದ್ದು ಕಂಡಿತ್ತು. ಆದರೆ ಅದೇ ಸುಣ್ಣಕ್ಕೆ ಇನ್ನೊಂದು ಮುಖವಿದೆ. ಸುಣ್ಣ ಜಾಸ್ತಿ ಇರುವ ಕ್ಷಾರ ಮಣ್ಣಿನಲ್ಲಿ ಜಿಂಕ್ ಕರಗುವುದಿಲ್ಲ. ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ.

ರಾಜ್ಯ ಸರ್ಕಾರ 2009ರಲ್ಲಿ ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ಊರೂರಿನ ಮಣ್ಣು ಪರೀಕ್ಷೆ ಆಯಿತು. ಮಳೆಯಾಶ್ರಿತ ಹೊಲಗಳಲ್ಲಿ ಜಿಂಕ್, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡುಬಂತು. ಮಣ್ಣಿನಿಂದ ಸಿಗದಿದ್ದರೆ ಕಾಳಿಗೆ ಬರುವುದಿಲ್ಲ. ಕಾಳಿಗೆ ಬರದಿದ್ದರೆ ತಾಟಿಗೆ ಬರುವುದಿಲ್ಲ.

ಇದರ ಪರಿಣಾಮ ಅಂಕಿಗಳಲ್ಲೂ ಕಾಣುತ್ತದೆ, ಕಾರಣ ಇದೊಂದೇ ಅಲ್ಲದಿದ್ದರೂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು 65 ದಾಟಿತ್ತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಯಾದಗಿರಿ, ಕಲಬುರಗಿಯಲ್ಲಿ ರಾಜ್ಯದ ಸರಾಸರಿಗಿಂತ ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಮೊಟ್ಟೆ ಮೊದಲು ಈ ಭಾಗದ ಶಾಲೆಗಳಿಗೆ ಬಂದದ್ದು ಸುಮ್ನೆ ಅಲ್ಲ.

ಜಿಂಕ್ ನೀರು ಕಾಳಿನೊಳಗೆ ಹೋದಾಗ

ಒಣ ಕಾಳು ನೀರಿಗೆ ಬಿದ್ದ ಮೊದಲ ಕೆಲವು ತಾಸು ಜೋರಾಗಿ ನೀರು ಹೀರುತ್ತದೆ. ಸಿಪ್ಪೆ ಸುಕ್ಕುಗಟ್ಟಿ, ಆಮೇಲೆ ಉಬ್ಬಿ ನುಣುಪಾಗುತ್ತದೆ. ಆ ನೀರಲ್ಲಿ ಜಿಂಕ್ ಕರಗಿದ್ದರೆ ಅದೂ ಜೊತೆಗೆ ಒಳಗೆ ಹೋಗುತ್ತದೆ. ಮೊಳಕೆ ಉದ್ದವಾದ ಹಾಗೆ ಎಳೆ ಬೇರು ಇನ್ನಷ್ಟು ಎಳೆದುಕೊಳ್ಳುತ್ತದೆ. ಸರಿಯಾದ ಹದದಲ್ಲಿ ಮಾಡಿದರೆ ಮೊಳಕೆಯ ಜಿಂಕ್ ಹಲವು ಪಟ್ಟು ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಐದು ಪಟ್ಟು ಏರಿತು ಅಂತಿಟ್ಟುಕೊಂಡರೆ ಒಂದು ಬಟ್ಟಲಿನಲ್ಲಿ 5 ಮಿಲಿಗ್ರಾಂ. ದಿನದ ಅಗತ್ಯದ ಮೂರರಲ್ಲೊಂದು ಪಾಲಿಗಿಂತ ಜಾಸ್ತಿಯೇ ಆಯಿತು. ಕಡಿಮೆ ಏನಲ್ಲ.

ಆದರೆ ಎಲ್ಲ ಖನಿಜವೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕಬ್ಬಿಣದ ನೀರು ಗಾಳಿ ತಾಗಿ ಕೆಂಚಗಾಗುತ್ತದೆ. ಕಾಳಿನ ಸಿಪ್ಪೆಯ ಒಗರಿಗೆ ಸೇರಿ ಕಪ್ಪಾಗುತ್ತದೆ. ರುಚಿಯೂ ಕೆಡುತ್ತದೆ. ಹೀರಿಕೊಂಡದ್ದರಲ್ಲಿ ಎಷ್ಟೋ ಭಾಗ ಸಿಪ್ಪೆಗೇ ಅಂಟಿ ನಿಂತಿರುತ್ತದೆ, ತೊಳೆದರೆ ಹೋಗುತ್ತದೆ. ಸೆಲೆನಿಯಂ ಮಾತ್ರ ಬೇರೆ. ಮೂಲಂಗಿ, ಸಾಸಿವೆ, ಬ್ರೊಕೊಲಿಯಂಥ ತರಕಾರಿ ಬೀಜಗಳ ಮೊಳಕೆ ಸೆಲೆನಿಯಂ ಉಪ್ಪನ್ನು ಹೀರಿ ಅಮೈನೋ ಆಮ್ಲಗಳ ಜೊತೆ ಕಟ್ಟಿ, ಮೈಗೆ ಒಗ್ಗುವ ರೂಪಕ್ಕೆ ತರುತ್ತದೆ. ಸಂಶೋಧಕರಿಗೆ ಇದರಲ್ಲಿ ಆಸಕ್ತಿ ಜಾಸ್ತಿ ಇರುವುದು ಅದಕ್ಕೆ.

ಯಾರು ಏನು ಹೇಳುತ್ತಾರೆ

ಪರವಾಗಿ ಮಾತಾಡುವವರ ಮುಖ್ಯ ವಾದ ವೇಗದ್ದು. ಖನಿಜ ಹೆಚ್ಚಿರುವ ತಳಿ ತೆಗೆಯಲು ವರ್ಷಗಟ್ಟಲೆ ಬೇಕು. ನೆರೆಯ ಮರಾಠವಾಡದಲ್ಲಿ ‘ಪರಭಣಿ ಶಕ್ತಿ’ ಅನ್ನುವ ಕಬ್ಬಿಣ, ಜಿಂಕ್ ಹೆಚ್ಚಿರುವ ಜೋಳ 2018ರಲ್ಲಿ ಬಿಡುಗಡೆಯಾಯಿತು. ಅದರ ಹಿಂದೆ ದೀರ್ಘ ಕಾಲದ ತಳಿ ಕೆಲಸವಿದೆ. ಮೊಳಕೆಗೆ ಮೂರು ದಿನ ಸಾಕು. ಹೊಲ ಬೇಡ, ಮಳೆ ಬೇಡ, ಒಂದು ಕೋಣೆ ಸಾಕು. ಸ್ವಸಹಾಯ ಸಂಘದ ಮಹಿಳೆಯರೂ ಮಾಡಬಹುದಾದ ಕೆಲಸ ಅನ್ನುತ್ತಾರೆ. ಬೀದರ್ ಕಡೆ ಮುಂಗಾರಿನಲ್ಲಿ ಹೆಸರು, ಉದ್ದು ಧಾರಾಳ ಬೆಳೆಯುತ್ತದೆ. ಕಾಳಿಗೆ ಹೊಸ ದಾರಿ ಸಿಕ್ಕರೆ ಬೆಲೆಯೂ ಸಿಗಬಹುದು.

ವಿರೋಧಿಸುವವರು ಕೇಳುವುದು ಇಷ್ಟು: ಇದು ಊಟವೋ, ಔಷಧವೋ? ಬಸುರಿಗೆ ಈಗಾಗಲೇ ದಿನಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದರಲ್ಲಿ 60 ಮಿಲಿಗ್ರಾಂ ಇರುತ್ತದೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ 14 ದಿನ ಕೊಡುತ್ತಾರೆ. ಅಕ್ಕಿಯಲ್ಲಿ ಕಬ್ಬಿಣ, ಉಪ್ಪಿನಲ್ಲಿ ಅಯೋಡಿನ್. ಇದರ ಮೇಲೆ ಮೊಳಕೆಯಲ್ಲೂ ಸೇರಿಸಿದರೆ ಒಟ್ಟು ಎಷ್ಟಾಯಿತು ಅಂತ ಲೆಕ್ಕ ಇಡುವವರು ಯಾರು?

ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಈ ಚರ್ಚೆ ಪ್ರಯೋಗಾಲಯದಿಂದ ಮನೆಗೆ ಇಳಿದಾಗ ಇನ್ನೊಂದು ಅಪಾಯ ಹುಟ್ಟುತ್ತದೆ. ಅದರ ಬಗ್ಗೆ ಎರಡೂ ಕಡೆಯವರು ಜಾಸ್ತಿ ಮಾತಾಡುವುದಿಲ್ಲ.

ಒಂದು ಚಮಚದ ಲೆಕ್ಕ

ಗಂಜ್ ಪ್ರದೇಶದ ಯಾವುದೇ ಗೊಬ್ಬರದ ಅಂಗಡಿಗೆ ಹೋದರೂ ಜಿಂಕ್ ಸಲ್ಫೇಟ್ ಸಿಗುತ್ತದೆ. ಬೆಲೆಯೂ ಕಮ್ಮಿ. ವಿಡಿಯೋ ನೋಡಿದ ಯಾರಾದರೂ ಅದನ್ನೇ ತಂದು ಒಂದು ಚಹಾ ಚಮಚ, ಅಂದರೆ 5 ಗ್ರಾಂ, ಒಂದು ಲೀಟರ್ ನೀರಿಗೆ ಹಾಕಿದರು ಅಂತಿಟ್ಟುಕೊಳ್ಳಿ. ಹರಳಿನ ರೂಪದ ಜಿಂಕ್ ಸಲ್ಫೇಟ್‌ನಲ್ಲಿ ನೂರಕ್ಕೆ 21 ಭಾಗ ಜಿಂಕ್. ಅಂದರೆ ನೀರಿಗೆ ಬಿದ್ದದ್ದು ಸಾವಿರ ಮಿಲಿಗ್ರಾಂ ಮೀರಿತು. ನೂರು ಗ್ರಾಂ ಕಾಳು ಸುಮಾರು ನೂರು ಮಿಲಿ ನೀರು ಹೀರಿದರೆ ಅದರೊಳಗೆ ಹೋದದ್ದು ನೂರು ಮಿಲಿಗ್ರಾಂ ಜಿಂಕ್. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಮಕ್ಕಳಿಗೆ ಅದಕ್ಕಿಂತ ತುಂಬಾ ಕಮ್ಮಿ.

ಜಿಂಕ್ ಜಾಸ್ತಿಯಾದರೆ ಮೊದಲು ಹೊಟ್ಟೆ ತೊಳಸುತ್ತದೆ, ವಾಂತಿ ಬರುತ್ತದೆ. ಬಹಳ ದಿನ ಹಾಗೇ ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ ಬರುತ್ತದೆ. ಯಾವ ತೊಂದರೆ ಕಳೆಯಲಿ ಅಂತ ತಿನ್ನಲು ಶುರು ಮಾಡಿದರೋ ಅದೇ ಬಂದು ಕೂರುತ್ತದೆ.

ಗೊಬ್ಬರದ ಜಿಂಕ್ ತಿನ್ನುವುದಕ್ಕೆ ಅಂತ ತಯಾರಾದದ್ದೂ ಅಲ್ಲ. ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ಕಲಬೆರಕೆ ಉಳಿದಿರಬಹುದು. ಬೆಳೆಗೆ ಅದು ನಡೆಯುತ್ತದೆ, ಬಾಯಿಗೆ ನಡೆಯುವುದಿಲ್ಲ. ಬಿತ್ತನೆಗೆ ಅಂತ ಔಷಧ ಹಚ್ಚಿ, ಬಣ್ಣ ಬಳಿದು ಮಾರುವ ಬೀಜವನ್ನೂ ಮೊಳಕೆಗೆ ಬಳಸಲೇಬಾರದು.

ಸೆಲೆನಿಯಂ ಇನ್ನೂ ಸೂಕ್ಷ್ಮ. ದಿನಕ್ಕೆ ಬೇಕಾದದ್ದು 40 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಮೇಲಿನ ಮಿತಿ 400 ಮೈಕ್ರೋಗ್ರಾಂ. ಚೀನಾದ ಕೆಶಾನ್ ಪ್ರದೇಶದಲ್ಲಿ ಸೆಲೆನಿಯಂ ಸಿಗದೆ ಜನರ ಹೃದಯ ಹಾಳಾಯಿತು. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರದ ಕೆಲವು ಹಳ್ಳಿಗಳಲ್ಲಿ ಮಣ್ಣಿನಲ್ಲೇ ಅದು ಅತಿಯಾಗಿ ಜನ, ದನ ಇಬ್ಬರಿಗೂ ಕೂದಲು, ಉಗುರು ಉದುರಿದವು. ಮನೆಯ ತಕ್ಕಡಿಯಲ್ಲಿ ತೂಗಿ ಹಾಕುವ ವಸ್ತುವೇ ಅಲ್ಲ ಇದು.

ನೆನೆಸುವ ನೀರು ಎಂಥದು?

ಕಾಳು ಜಿಂಕ್ ಹೀರುತ್ತದೆ ಅಂದಮೇಲೆ ನೀರಿನಲ್ಲಿ ಇರುವ ಬೇರೆಯದನ್ನೂ ಹೀರುತ್ತದೆ, ಅಲ್ವಾ? ಒಳ್ಳೆಯದು, ಕೆಟ್ಟದ್ದು ಅಂತ ಆರಿಸುವ ಶಕ್ತಿ ಅದಕ್ಕಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿದೆ. ಈ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಮೊಳಕೆಗೆ ಖನಿಜ ಸೇರಿಸುವ ಯಾವುದೇ ಯೋಜನೆ ಇಲ್ಲಿ ಬರುವುದಾದರೆ ಮೊದಲ ಕೆಲಸ ನೀರಿನ ಪರೀಕ್ಷೆ.

ಎರಡನೆಯದು ಸೋಂಕು. ಮೊಳಕೆಗೆ ಬೇಕಾದ ಬಿಸಿ, ತೇವ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ತೀರಿಕೊಂಡರು, ಸಾವಿರಾರು ಜನ ಹಾಸಿಗೆ ಹಿಡಿದರು. ಬೀಜದಲ್ಲೇ ರೋಗಾಣು ಇತ್ತು, ತಿಂದವರು ಹಸಿಯಾಗಿ ತಿಂದಿದ್ದರು. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಟ್ಟೆಯಲ್ಲಿ ಕಟ್ಟಿದ ಕಾಳು ಒಂದೇ ರಾತ್ರಿಗೆ ಲೋಳೆ ಬಿಟ್ಟು ವಾಸನೆ ಹೊಡೆಯುವುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಮೊಳಕೆ ಕಾಳನ್ನು ಒಗ್ಗರಣೆ ಹಾಕಿ ಬೇಯಿಸಿ ಪಲ್ಯ ಮಾಡುವ ಪದ್ಧತಿ ಇದೆ. ಸಿ ವಿಟಮಿನ್ ಸ್ವಲ್ಪ ಹೋಗುತ್ತದೆ, ಆದರೆ ರೋಗಾಣು ಸಾಯುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಬೇಯಿಸಿದ್ದೇ ಸರಿ.

ಈ ಭಾಗಕ್ಕೆ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ಕಾಳಿಗೆ ಒಳ್ಳೆಯದಾದರೆ ಜೋಳಕ್ಕೂ ಒಳ್ಳೆಯದು ಅಂದುಕೊಂಡು ಜೋಳದ ಉದ್ದ ಮೊಳಕೆಯನ್ನು ಹಸಿಯಾಗಿ ತಿನ್ನಬಾರದು. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ರೈತರು ಕಂಡಿದ್ದಾರೆ. ಆ ಎಳೆ ಚಿಗುರಿನಲ್ಲಿ ಸೈನೈಡ್ ಬಿಡುವ ಅಂಶವಿದೆ. ಮೊಳಕೆಯಲ್ಲೂ ಅದೇ ಇರುತ್ತದೆ.

ಉಳ್ಳಾಗಡ್ಡಿಯ ಕೆಲಸ

ಹೊರಗಿನಿಂದ ಏನೂ ಸೇರಿಸದೆ, ಕಾಳಿನಲ್ಲಿ ಇರುವುದನ್ನೇ ಜಾಸ್ತಿ ದಕ್ಕಿಸಿಕೊಳ್ಳುವ ದಾರಿಯೂ ಇದೆ. ಅದೇ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿದರು. ಅಕ್ಕಿ, ಜೋಳದಂಥ ಧಾನ್ಯ, ಬೇಳೆಕಾಳುಗಳ ಜೊತೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೇರಿಸಿದಾಗ ಕಬ್ಬಿಣವೂ ಜಿಂಕೂ ಹೆಚ್ಚು ಬಿಡುಗಡೆಯಾದವು. ಹಸಿಯದಕ್ಕೂ ಬೇಯಿಸಿದ್ದಕ್ಕೂ ಈ ಗುಣವಿತ್ತು. ಈ ಎರಡರಲ್ಲೂ ಇರುವ ಗಂಧಕದ ಅಂಶಗಳು ಇದಕ್ಕೆ ಕಾರಣ ಇರಬಹುದು ಎನ್ನುತ್ತಾರೆ.

ಹೊಲದಲ್ಲಿ ಬುತ್ತಿ ಬಿಚ್ಚಿ, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ರೊಟ್ಟಿ ಜೊತೆ ತಿನ್ನುವ ರೂಢಿಯಲ್ಲಿ ಎಂಥ ಲಾಭ ಅಡಗಿದೆ ನೋಡಿ. ಮೊಳಕೆ ಪಲ್ಯಕ್ಕೆ ಕೊನೆಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಇನ್ನಷ್ಟು ದಕ್ಕುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಉಲ್ಟಾ. ಚಹಾದ ಒಗರು ಕಬ್ಬಿಣವನ್ನು ಹಿಡಿದುಬಿಡುತ್ತದೆ. ಒಂದು ತಾಸು ಬಿಟ್ಟು ಕುಡಿದರೆ ಆಯಿತು. ಎಳ್ಳ ಅಮಾವಾಸ್ಯೆಗೆ ಹಲವು ಥರದ ಕಾಳು, ಸೊಪ್ಪು ಕೂಡಿಸಿ ಮಾಡುವ ಭಜ್ಜಿಯನ್ನು ವರ್ಷಕ್ಕೊಮ್ಮೆ ಬದಲು ತಿಂಗಳಿಗೆ ನಾಲ್ಕು ಸಲ ಮಾಡಿದರೂ ನಡೆಯುತ್ತದೆ.

ಇಷ್ಟು ಮಾಡಿದರೂ ಜಿಂಕ್ ಸಾಲದೆ ಹೋಗಬಹುದು. ಆಗ ಮಣ್ಣಿಗೆ ಕೊಡುವ ಜಿಂಕ್ ನೆನಪಾಗಬೇಕು. ಮಣ್ಣು ಪರೀಕ್ಷೆ ಮಾಡಿಸಿ ಕೊರತೆ ಇದ್ದ ಹೊಲಕ್ಕೆ ಜಿಂಕ್ ಕೊಟ್ಟರೆ ಇಳುವರಿಯೂ ಹೆಚ್ಚುತ್ತದೆ. ಎಲೆಗೆ ಸಿಂಪಡಿಸಿದ ಜಿಂಕ್ ಕಾಳಿಗೂ ಏರುತ್ತದೆ ಅನ್ನುವುದು ಗೋಧಿಯಲ್ಲಿ ಚೆನ್ನಾಗಿ ಸಾಬೀತಾಗಿದೆ. ಅಲ್ಲಿ ಅತಿಯಾಗುವ ಭಯ ಕಡಿಮೆ, ಯಾಕೆಂದರೆ ಗಿಡ ತನಗೆ ಬೇಕಾದಷ್ಟನ್ನೇ ಕಾಳಿಗೆ ಸಾಗಿಸುತ್ತದೆ. ಪಾತ್ರೆಯಲ್ಲಿ ನೆನೆದ ಕಾಳಿಗೆ ಆ ಹಿಡಿತ ಇಲ್ಲ. ಈ ಜಿಲ್ಲೆಗಳಿಗೆ ಜಿಂಕ್ ಬೇಕು ಅನ್ನುವುದರಲ್ಲಿ ಸಂಶಯವಿಲ್ಲ. ಅದು ಮೊದಲು ಹೊಲಕ್ಕೆ ಹೋಗಲಿ, ಆಮೇಲೆ ಬೇಕಾದರೆ ಮೊಳಕೆಗೆ.

ಪೊಟ್ಟಣ ಅಂಗಡಿಗೆ ಬಂದರೆ

ಖನಿಜ ತುಂಬಿದ ಮೊಳಕೆ ಮುಂದೊಂದು ದಿನ ಪೊಟ್ಟಣದಲ್ಲಿ ಬಂದರೆ ಆಶ್ಚರ್ಯವಿಲ್ಲ. 2018ರ ಆಹಾರ ಸಾರವರ್ಧನೆ ನಿಯಮದಲ್ಲಿ ಉಪ್ಪು, ಎಣ್ಣೆ, ಹಾಲು, ಗೋಧಿ ಹಿಟ್ಟು, ಅಕ್ಕಿಗೆ ಎಷ್ಟು ಸೇರಿಸಬೇಕು ಅಂತ ಅಳತೆ ಇದೆ. ಅಂಥ ಪೊಟ್ಟಣದ ಮೇಲೆ ನೀಲಿ ‘+ಎಫ್’ ಗುರುತು ಇರುತ್ತದೆ. ಹಸಿ ಮೊಳಕೆಗೆ ಹಾಗೆ ಬೇರೆ ಅಳತೆ ಹಾಕಿಕೊಟ್ಟಿಲ್ಲ. ಅಳತೆ ಇಲ್ಲದಿದ್ದರೆ ಒಬ್ಬರು ಸ್ವಲ್ಪ ಹಾಕಿ ದೊಡ್ಡ ಅಕ್ಷರದಲ್ಲಿ ಬರೆಯಬಹುದು, ಇನ್ನೊಬ್ಬರು ಅತಿಯಾಗಿ ಹಾಕಿ ಬರೆಯದೇ ಇರಬಹುದು. ಅಂಗನವಾಡಿಗೆ, ಬಿಸಿಯೂಟಕ್ಕೆ ಇದನ್ನು ತರುವ ಮಾತು ಎದ್ದರೆ ಅದಕ್ಕೂ ಮುಂಚೆ ಆ ಅಳತೆ ಬರಬೇಕು.

ಅಲ್ಲಿವರೆಗೆ ಕೊಳ್ಳುವವರು ಪೊಟ್ಟಣ ತಿರುಗಿಸಿ ನೋಡಲಿ. ನೂರು ಗ್ರಾಂ ಮೊಳಕೆಯಲ್ಲಿ ಜಿಂಕ್ ಎಷ್ಟು ಮಿಲಿಗ್ರಾಂ, ಯಾವ ದಿನ ತಯಾರಾಯಿತು, ಎಷ್ಟು ತಂಪಿನಲ್ಲಿ ಇಡಬೇಕು, ಬೇಯಿಸಿ ತಿನ್ನಬೇಕಾ ಅನ್ನುವುದು ಅಲ್ಲಿ ಅಂಕಿಯಲ್ಲಿ, ಕನ್ನಡದಲ್ಲಿ ಇರಬೇಕು. ಕಬ್ಬಿಣ, ಜಿಂಕ್ ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಆ ಪೊಟ್ಟಣವನ್ನು ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಒಮ್ಮೆ ತೋರಿಸಿ ಕೇಳಲಿ. ಅಂಕಿಯೇ ಇಲ್ಲದೆ ‘ಖನಿಜ ಭರಿತ’ ಅಂತ ಮಾತ್ರ ಬರೆದಿದ್ದರೆ, ಅದರ ಅರ್ಧ ದುಡ್ಡಿಗೆ ಪಕ್ಕದ ಅಂಗಡಿಯಲ್ಲಿ ಒಂದು ಕಿಲೋ ಮಡಕಿ, ನಾಲ್ಕು ಉಳ್ಳಾಗಡ್ಡಿ, ಎರಡು ನಿಂಬೆಹಣ್ಣು ತಂದುಕೊಳ್ಳಬಹುದು.